ಬದುವಿನ ಹೊಂಗೆಯಿಂದ ಡೀಸೆಲ್: ಗಿಡ ನೆಡುವ ಮೊದಲು ಒಂದು ಲೆಕ್ಕ

ಗಿಡದಿಂದ ಇಂಧನ ಅನ್ನುವ ಮಾತು ನಮ್ಮ ಒಣಭೂಮಿ ಸೀಮೆಗೆ ಇಲ್ಲಿವರೆಗೆ ಮೂರು ಸಲ ಬಂದಿದೆ. ಮೊದಲು ಹೊಂಗೆ ಹೆಸರಲ್ಲಿ ಬಂತು, ಆಮೇಲೆ ಜತ್ರೋಪಾ ಹೆಸರಲ್ಲಿ, ಈಗ ಮೆಕ್ಕೆಜೋಳದ ಎಥನಾಲ್ ಹೆಸರಲ್ಲಿ. ಮೂರು ಸಲವೂ ಹೇಳಿದ್ದು ಒಂದೇ ಮಾತು: ದೇಶಕ್ಕೆ ಎಣ್ಣೆ, ರೈತನಿಗೆ ದುಡ್ಡು, ಗಾಳಿಗೆ ಒಳ್ಳೇದು. ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಅಂತ ನಾವೇ ಕೂತು ಲೆಕ್ಕ ಹಾಕಬಹುದು. ದೊಡ್ಡ ಓದು ಬೇಕಿಲ್ಲ, ಕೂಡೋದು ಕಳೆಯೋದು ಗುಣಿಸೋದು ಬಂದರೆ ಸಾಕು.

ಡೀಸೆಲ್ ಅನ್ನೋದು ಎಣ್ಣೆಯ ಹೆಸರಲ್ಲ, ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಅನ್ನುವ ಜರ್ಮನಿಯ ಇಂಜಿನಿಯರ್ ಈ ಇಂಜಿನ್ ಕಂಡುಹಿಡಿದ. 1900ರಲ್ಲಿ ಪ್ಯಾರಿಸ್ ಪಟ್ಟಣದ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಆದ್ದರಿಂದ ಗಾಣದ ಎಣ್ಣೆಯಲ್ಲಿ ಇಂಜಿನ್ ಓಡುತ್ತಾ ಅಂತ ಕೇಳೋದು ಬೇಕಿಲ್ಲ. ಓಡುತ್ತೆ. ಎಷ್ಟು ಖರ್ಚಿನಲ್ಲಿ, ಎಷ್ಟು ದಿನ, ಯಾರ ಹೊಲದ ಮೇಲೆ ಅನ್ನೋದು ಪ್ರಶ್ನೆ.

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಮೊದಲು ಗಟ್ಟಿಯಾಗಿ ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು. 1990ರ ದಶಕದ ಕೊನೆಯಲ್ಲಿ ಅವರ 'ಸೂತ್ರ' ಯೋಜನೆಯವರು ಕಗ್ಗನಹಳ್ಳಿ ಅನ್ನುವ ಒಣ ಊರಿನಲ್ಲಿ ಹೊಂಗೆ ಎಣ್ಣೆ ಹಾಕಿ ಜನರೇಟರ್ ಓಡಿಸಿದರು, ಅದರ ಕರೆಂಟಿನಿಂದ ಕೊಳವೆಬಾವಿ ನೀರೆತ್ತಿ ಹೊಲಕ್ಕೆ ಹಾಯಿಸಿದರು. ನಮ್ಮ ಅಜ್ಜಂದಿರು ದೀಪಕ್ಕೆ ಹಾಕ್ತಿದ್ದ ಎಣ್ಣೆ ಮೋಟಾರು ತಿರುಗಿಸಿತು ಅಂತ ಪತ್ರಿಕೆಗಳಲ್ಲೂ ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಅಂದರೆ ಯಾರೂ ಹೊಸ ಹೊಲ ಕೊಡಬೇಕಾಗಿರಲಿಲ್ಲ. ಮರ ಊರಲ್ಲೇ ಇತ್ತು, ಬೀಜ ಉದುರಿ ಹಾಳಾಗ್ತಿತ್ತು, ಅದನ್ನೇ ಆಯ್ದರು.

ಅದೇ ದಾರಿಯಲ್ಲಿ ಆಂಧ್ರದ ಅದಿಲಾಬಾದ್ ಕಡೆ (ಈಗ ಅದು ತೆಲಂಗಾಣ) ಪವರ್‌ಗುಡ ಅನ್ನುವ ಗಿರಿಜನರ ಊರಿನ ಹೆಂಗಸರ ಸಂಘದವರು ಹೊಂಗೆ ಬೀಜ ಆಯ್ದು ಎಣ್ಣೆ ತೆಗೆದರು, ಗಿಡಾನೂ ನೆಟ್ಟರು. ಮುಂದಿನ ವರ್ಷಗಳಲ್ಲಿ ಈ ಎಣ್ಣೆಯಿಂದ ಎಷ್ಟು ಡೀಸೆಲ್ ಸುಡೋದು ತಪ್ಪುತ್ತೆ ಅಂತ ಲೆಕ್ಕ ಹಾಕಿ, 147 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯಕ್ಕೆ 2003ರಲ್ಲಿ ವಿಶ್ವಬ್ಯಾಂಕ್ 645 ಡಾಲರ್ ಕೊಟ್ಟಿತು. ಆಗಿನ ದರದಲ್ಲಿ 30 ಸಾವಿರ ರೂಪಾಯಿ ಆಸುಪಾಸು. ಇಡೀ ಸಂಘಕ್ಕೆ ಅಷ್ಟು, ಅದೂ ಎಷ್ಟೋ ವರ್ಷದ ಉಳಿತಾಯಕ್ಕೆ. ಈಚೆಗೆ 'ಕಾರ್ಬನ್ ದುಡ್ಡು ಬರುತ್ತೆ, ಗಿಡ ಹಾಕಿ' ಅಂತ ಯಾರಾದರೂ ಊರಿಗೆ ಬಂದರೆ ಈ ಲೆಕ್ಕ ನೆನಪಲ್ಲಿಟ್ಟುಕೊಂಡು ಮಾತಾಡಿ.

ಜತ್ರೋಪಾ ಕಥೆ

2003ರಲ್ಲಿ ಕೇಂದ್ರದ ಯೋಜನಾ ಆಯೋಗದ ಸಮಿತಿ ಒಂದು ವರದಿ ಕೊಟ್ಟಿತು. ದೇಶದಲ್ಲಿ 1 ಕೋಟಿ 34 ಲಕ್ಷ ಹೆಕ್ಟೇರಿನಲ್ಲಿ ಜತ್ರೋಪಾ, ಅಂದರೆ ನಾವು ಬೇಲಿಗೆ ಹಾಕುವ ಕಾಡುಹರಳು, ಬೆಳೆಸಬಹುದು ಅಂತ. ಹೆಕ್ಟೇರಿಗೆ 2500 ಗಿಡ, ಗಿಡಕ್ಕೆ ಒಂದೂವರೆ ಕೆ.ಜಿ. ಬೀಜ, ಒಟ್ಟು 3750 ಕೆ.ಜಿ. ಕಾಗದದ ಮೇಲೆ ಗುಣಾಕಾರ ಸರಿಯಾಗೇ ಇದೆ. ಆದರೆ ನೀರಿಲ್ಲದ, ಗೊಬ್ಬರವಿಲ್ಲದ ಕಲ್ಲು ನೆಲದಲ್ಲಿ ಒಂದು ಗಿಡ ಒಂದೂವರೆ ಕೆ.ಜಿ. ಬೀಜ ಕೊಡುತ್ತಾ? ದನ ತಿನ್ನಲ್ಲ, ಬರಕ್ಕೆ ಸಾಯಲ್ಲ ಅನ್ನೋದು ನಿಜ. ಸಾಯೋದಿಲ್ಲ ಅನ್ನೋದು ಬೇರೆ, ಫಲ ಕೊಡೋದು ಬೇರೆ. ಬರಗಾಲದಲ್ಲಿ ಎಲೆ ಉದುರಿಸಿ ಜೀವ ಹಿಡ್ಕೊಂಡು ನಿಂತ ಗಿಡದ ಹತ್ತಿರ ಕಾಯಿ ಕೇಳಿದರೆ ಎಲ್ಲಿಂದ ಕೊಡುತ್ತೆ?

2005–06ರ ಹೊತ್ತಿಗೆ ನಮ್ಮ ಹೋಬಳಿಗೂ ಸಸಿ ಮಾರುವವರು ಬಂದರು. ಬೀಜ ವಾಪಸ್ ನಾವೇ ಕೊಳ್ತೀವಿ ಅಂತ ಅಚ್ಚು ಹಾಕಿಸಿದ ಕಾಗದವೂ ಇತ್ತು. ಆ ಕಾಗದದಲ್ಲಿ ದರ ಇರಲಿಲ್ಲ, 'ಮಾರುಕಟ್ಟೆ ದರದಂತೆ' ಅಂತಿತ್ತು. ಮಾರುಕಟ್ಟೆಯೇ ಇಲ್ಲದ ಮಾಲಿಗೆ ಮಾರುಕಟ್ಟೆ ದರ! ಸಸಿ ದುಡ್ಡು ಕೊಟ್ಟವರಿಗೆ ಬೀಜ ಕೊಳ್ಳೋಕೆ ಮಾತ್ರ ಯಾರೂ ಬರಲಿಲ್ಲ. ನಾಲ್ಕನೇ ವರ್ಷ ಒಬ್ಬೊಬ್ಬರೇ ಕಿತ್ತು ಒಲೆಗೆ ಹಾಕಿದರು.

ದರದ ಲೆಕ್ಕ ನೋಡಿ. ಕೇಂದ್ರ ಸರ್ಕಾರ 2005ರಲ್ಲಿ ಬಯೋಡೀಸೆಲ್ ಖರೀದಿ ನೀತಿ ಮಾಡಿ, 2006ರ ಜನವರಿ 1ರಿಂದ ಲೀಟರಿಗೆ 25 ರೂಪಾಯಿ ಅಂತ ಬೆಲೆ ಕಟ್ಟಿತು. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಮೂರೂವರೆಯಿಂದ ನಾಲ್ಕು ಕೆ.ಜಿ. ಬೀಜ ಬೇಕು. ಆ 25 ರೂಪಾಯಿ ಪೂರ್ತಿ ರೈತನ ಕೈಗೇ ಇಟ್ಟರೂ ಬೀಜಕ್ಕೆ ಕೆ.ಜಿ.ಗೆ ಆರೇಳು ರೂಪಾಯಿ. ಅದರಲ್ಲಿ ಗಾಣದವನದು, ಲಾರಿಯದು, ಕಾರ್ಖಾನೆಯದು ಕಳೆದರೆ ಉಳಿಯೋದು ಎಷ್ಟು? ಜತ್ರೋಪಾ ಕಾಯಿ ಒಂದೇ ಸಲಕ್ಕೆ ಹಣ್ಣಾಗಲ್ಲ. ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕಪ್ಪು ಮೂರೂ ಇರುತ್ತೆ. ಅದನ್ನ ಹಲವು ಸಲ ಹೋಗಿ ಆಯಬೇಕು. ಆಯೋ ಕೂಲಿಗೇ ಬೀಜದ ದುಡ್ಡು ಸಾಲದು. ಇನ್ನು ಅದರ ಹಿಂಡಿ ವಿಷ, ದನಕ್ಕೆ ಹಾಕುವಂತಿಲ್ಲ.

ಇದು ನಮ್ಮೊಬ್ಬರ ಗೊಣಗಾಟ ಅಲ್ಲ. ತಮಿಳುನಾಡಿನ ಜತ್ರೋಪಾ ತೋಟಗಳನ್ನು ನೋಡಿ ಸ್ಪೇನಿನ ಪೆರೆ ಅರಿಝಾ ಮತ್ತು ಬೆಂಗಳೂರಿನ ಶರಚ್ಚಂದ್ರ ಲೇಲೆ ಅವರು 2010ರಲ್ಲಿ ಸಂಶೋಧನಾ ಲೇಖನ ಬರೆದಿದ್ದಾರೆ. ಇಳುವರಿ ಹೇಳಿದ್ದಕ್ಕಿಂತ ಬಹಳ ಕಡಿಮೆ, ನೀರು ಇದ್ದವನಿಗೆ ಮಾತ್ರ ಸ್ವಲ್ಪ ಆಸೆ, ಸಣ್ಣ ರೈತ ಇದರಿಂದ ಇನ್ನೂ ಬಡವನಾದ ಅಂತ ಅದರ ಸಾರ. ಒಣಭೂಮಿಗೆ ಅಂತ ತಂದ ಬೆಳೆ ನೀರಾವರಿ ಕೇಳಿತು. ಬ್ರಿಟನ್ನಿನ ಬಿಪಿ ಅನ್ನುವ ದೊಡ್ಡ ಎಣ್ಣೆ ಕಂಪನಿಯೂ 2007ರಲ್ಲಿ ಡಿ1 ಆಯಿಲ್ಸ್ ಕಂಪನಿ ಜೊತೆ ಜತ್ರೋಪಾಗೆ ಕೈ ಹಾಕಿ 2009ರಲ್ಲಿ ಕೈ ಬಿಟ್ಟಿತು. ಕಂಪನಿಗೆ ಕೈ ಬಿಡೋದು ಸುಲಭ. ಎರಡೆಕರೆ ಇರುವವನಿಗೆ ನಾಲ್ಕು ವರ್ಷದ ರಾಗಿ ಹೋಯಿತು.

'ಪಾಳು ಭೂಮಿಯಲ್ಲಿ ಬೆಳೆಸ್ತೀವಿ, ಹೊಲಕ್ಕೆ ಬರಲ್ಲ' ಅನ್ನುವ ಮಾತನ್ನೂ ಒರೆಗೆ ಹಚ್ಚಬೇಕು. ಸರ್ಕಾರದ ಪುಸ್ತಕದಲ್ಲಿ ಪಾಳು ಅಂತ ಬರೆದಿರೋದು ನಮ್ಮ ಗೋಮಾಳ. ಅಲ್ಲಿ ಕುರಿ ಮೇಯುತ್ತೆ, ಹೆಂಗಸರು ಕಡ್ಡಿ ತರ್ತಾರೆ, ಮಳೆ ಬಿದ್ದಾಗ ಹುಲ್ಲು ಬರುತ್ತೆ. ದನ ತಿನ್ನದ ಗಿಡವನ್ನ ಗೋಮಾಳ ತುಂಬ ನೆಟ್ಟರೆ ಜಮೀನಿಲ್ಲದವನ ಕುರಿ ಎಲ್ಲಿಗೆ ಹೋಗಬೇಕು?

ಗಾಳಿಗೆ ಒಳ್ಳೇದಾ?

ಗಿಡ ಗಾಳಿಯಿಂದ ಹೀರಿದ ಇಂಗಾಲವೇ ಎಣ್ಣೆಯಾಗಿ ಸುಟ್ಟು ಮತ್ತೆ ಗಾಳಿಗೆ ಹೋಗುತ್ತೆ, ಆದ್ದರಿಂದ ಲೆಕ್ಕ ಸರಿಸಮ ಅಂತಾರೆ. ಗಿಡ ಎಲ್ಲಿ ನೆಟ್ಟೆ ಅನ್ನೋದರ ಮೇಲೆ ಈ ಲೆಕ್ಕ ನಿಂತಿದೆ. 2008ರಲ್ಲಿ ಅಮೆರಿಕದ ಫಾರ್ಜಿಯೋನ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು: ಕಾಡು, ಜೌಗು ನೆಲ, ಹುಲ್ಲುಗಾವಲು ಕಡಿದು ಇಂಧನದ ಬೆಳೆ ಹಾಕಿದರೆ ಮಣ್ಣಿನಿಂದ, ಮರದಿಂದ ಬಿಡುಗಡೆಯಾಗುವ ಇಂಗಾಲ, ಆ ಇಂಧನದಿಂದ ಒಂದು ವರ್ಷಕ್ಕೆ ಆಗುವ ಉಳಿತಾಯದ 17ರಿಂದ 420 ಪಟ್ಟು. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಜೌಗು ಕಾಡು ಕಡಿದು ತಾಳೆ ಹಾಕಿದ್ದು ಇದರಲ್ಲಿ ಬಹಳ ಕೆಟ್ಟದ್ದು. ಅಂದರೆ ಸಾಲ ತೀರಿಸೋಕೆ ನೂರಾರು ವರ್ಷ ಬೇಕು. ಬದುವಿನಲ್ಲಿ ಹೊಂಗೆ ನೆಟ್ಟವನಿಗೆ ಈ ಸಾಲ ಇಲ್ಲ, ಅವನು ಏನನ್ನೂ ಕಡಿದಿಲ್ಲ.

ಹೊಂಗೆ ಲೆಕ್ಕ

ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಜೈವಿಕ ಇಂಧನ ಉದ್ಯಾನದ ಪಾಠ ಇದೇ: ಹೊಲ ಬಿಟ್ಟುಕೊಡಬೇಡಿ, ಬದು, ಬೇಲಿ, ಹಳ್ಳದ ದಂಡೆಯಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಬೆರಕೆಯಾಗಿ ಹಾಕಿ. ಒಂದು ಮರದ ಬೀಜ ಈ ವರ್ಷ ಕೈಕೊಟ್ಟರೆ ಇನ್ನೊಂದು ಇರುತ್ತೆ. ಇದು ನಮಗೆ ಹೊಂದುವ ಮಾತು. ಆದರೂ ಲೆಕ್ಕ ಬೇಕು.

ಹೊಂಗೆ ಬೀಜದಲ್ಲಿ ನೂರಕ್ಕೆ 30–35 ಭಾಗ ಎಣ್ಣೆ ಇರುತ್ತೆ, ಗಾಣಕ್ಕೆ ಸಿಗೋದು 25ರ ಸುತ್ತ. ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಲೀಟರ್ ಎಣ್ಣೆ, ಮೂರು ಕೆ.ಜಿ. ಹಿಂಡಿ ಅಂತ ನೆನಪಿಟ್ಟುಕೊಂಡರೆ ಸಾಕು. ಕಾಯಿ ತೂಕದಲ್ಲಿ ಸುಮಾರು ಅರ್ಧ ಸಿಪ್ಪೆ. ಸಸಿ ನೆಟ್ಟರೆ ಐದಾರು ವರ್ಷಕ್ಕೆ ಕಾಯಿ ಶುರು, ಕಸಿ ಗಿಡ ಆದರೆ ಮೂರ್ನಾಲ್ಕು. ಪುಸ್ತಕಗಳಲ್ಲಿ ಒಂದು ಮರಕ್ಕೆ ವರ್ಷಕ್ಕೆ 9ರಿಂದ 90 ಕೆ.ಜಿ. ಬೀಜ ಅಂತ ಬರೆದಿರುತ್ತೆ. ಒಂಬತ್ತಕ್ಕೂ ತೊಂಬತ್ತಕ್ಕೂ ಹತ್ತು ಪಟ್ಟು ವ್ಯತ್ಯಾಸ. ಇದರಲ್ಲಿ ಸಸಿ ಮಾರುವವನು ತೊಂಬತ್ತು ಹೇಳ್ತಾನೆ, ನೀವು ಒಂಬತ್ತರಿಂದ ಲೆಕ್ಕ ಶುರು ಮಾಡಿ. ಬೀಜದಿಂದ ಬಂದ ಹೊಂಗೆ ಒಂದೊಂದು ಮರ ಒಂದೊಂದು ಥರ. ಅದಕ್ಕೇ ನಿಮ್ಮ ಸುತ್ತಲಿನ ಮರಗಳನ್ನ ಮೂರು ವರ್ಷ ನೋಡಿ, ಪ್ರತಿವರ್ಷ ತಪ್ಪದೆ ಕಾಯಿ ಬಿಡುವ ಮರ ಗುರುತು ಮಾಡಿ, ಅದರ ಕಡ್ಡಿಯಿಂದ ಕಸಿ ಕಟ್ಟಿಸಿ. ಯಾವ ಊರಿಂದಲೋ ಬಂದ ಸಸಿಗಿಂತ ಇದು ನಂಬಿಕೆಯದು.

ಈಗ ಬದುವಿನಲ್ಲಿ ಹತ್ತು ಮರ, ಮರಕ್ಕೆ 20 ಕೆ.ಜಿ. ಬೀಜ ಅಂತ ಇಟ್ಟುಕೊಳ್ಳೋಣ. 200 ಕೆ.ಜಿ. ಅಂದರೆ 50 ಲೀಟರ್ ಎಣ್ಣೆ, 150 ಕೆ.ಜಿ. ಹಿಂಡಿ. ಐದು ಎಚ್‌ಪಿ ಇಂಜಿನ್ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಕುಡಿಯುತ್ತೆ. 33ರಿಂದ 50 ಗಂಟೆ ನೀರು. ಬೇಸಾಯ ಪೂರ್ತಿ ಇದರಲ್ಲೇ ನಡೆಸೋಕೆ ಆಗಲ್ಲ. ಆದರೆ ಮಳೆ ಕೈಕೊಟ್ಟು ರಾಗಿ ತೆನೆ ಹಾಲು ತುಂಬೋ ಹೊತ್ತಲ್ಲಿ ಕೃಷಿಹೊಂಡದಿಂದ ಎರಡು ಸಲ ನೀರು ಕೊಡೋದಕ್ಕೆ ಸಾಕು. ಆ ಎರಡು ನೀರು ಬೆಳೆ ಉಳಿಸುವ ನೀರು.

ದುಡ್ಡಿನಲ್ಲಿ ಹಿಡಿಯೋಣ. ಬೀಜಕ್ಕೆ ಕೆ.ಜಿ.ಗೆ 30 ರೂಪಾಯಿ, ಗಾಣದ ಕೂಲಿ ಕೆ.ಜಿ.ಗೆ 5, ಹಿಂಡಿಗೆ 20, ಡೀಸೆಲ್ 90 ಅಂತ ಇಟ್ಟುಕೊಳ್ಳಿ. (ನಿಮ್ಮ ಊರಿನ ದರ ಬೇರೆ ಇದ್ದರೆ ಅದನ್ನೇ ಹಾಕಿ.) ನಾಲ್ಕು ಕೆ.ಜಿ. ಬೀಜಕ್ಕೆ 120, ಗಾಣಕ್ಕೆ 20, ಒಟ್ಟು 140. ಹಿಂಡಿ ಮೂರು ಕೆ.ಜಿ.ಗೆ 60 ಕಳೆಯಿರಿ. ಒಂದು ಲೀಟರ್ ಎಣ್ಣೆ 80 ರೂಪಾಯಿಗೆ ಬಿತ್ತು. ಡೀಸೆಲ್ಲಿಗಿಂತ ಹತ್ತು ರೂಪಾಯಿ ಅಗ್ಗ, ಅಷ್ಟೇ. ಲೀಟರಿಗೆ ಲೀಟರು ನೋಡಿದರೆ ಈ ಎಣ್ಣೆಯ ಕಾವು ಡೀಸೆಲ್ಲಿಗಿಂತ ಹತ್ತರಲ್ಲಿ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಆ ಹತ್ತು ರೂಪಾಯಿಯೂ ಅಲ್ಲಿಗೇ ಹೋಯಿತು. ಹಿಂಡಿಯ 60 ತೆಗೆದುಬಿಟ್ಟರೆ ಲೆಕ್ಕ ಪೂರಾ ನಷ್ಟ. ಅಂದರೆ ಹೊಂಗೆಯಲ್ಲಿ ರೈತನಿಗೆ ಉಳಿಯೋದು ಎಣ್ಣೆಯಿಂದಲ್ಲ, ಹಿಂಡಿಯಿಂದ. ಬೀಜ ಮಾರಿದವನು ಹಿಂಡಿಯನ್ನೂ ಮಾರಿದ. ವ್ಯಾಪಾರಿ ಬೀಜ ಕೇಳಿಕೊಂಡು ಮನೆ ಬಾಗಿಲಿಗೆ ಬರೋದು ಯಾಕೆ ಅಂತ ಇದರಲ್ಲೇ ತಿಳಿಯುತ್ತೆ.

ಹಿಂಡಿಯಲ್ಲಿ ನೂರಕ್ಕೆ ನಾಲ್ಕು ಭಾಗದಷ್ಟು ಸಾರಜನಕ ಇದೆ. 150 ಕೆ.ಜಿ.ಯಲ್ಲಿ 6 ಕೆ.ಜಿ., ಅಂದರೆ 13 ಕೆ.ಜಿ. ಯೂರಿಯಾಕ್ಕೆ ಸಮ. 45 ಕೆ.ಜಿ. ಚೀಲದ ಯೂರಿಯಾ 266 ರೂಪಾಯಿ 50 ಪೈಸೆ, ಆ ದರದಲ್ಲಿ ಇದರ ಬೆಲೆ 80 ರೂಪಾಯಿ ಕೂಡ ಆಗಲ್ಲ. ಸರ್ಕಾರ ಸಬ್ಸಿಡಿ ಕೊಟ್ಟು ಯೂರಿಯಾ ಅಗ್ಗ ಮಾಡಿದ್ದರಿಂದ ಹಿಂಡಿ ದುಬಾರಿ ಅನ್ನಿಸುತ್ತೆ. ಆದರೆ ಹಿಂಡಿ ನಿಧಾನಕ್ಕೆ ಕರಗುತ್ತೆ, ಒಂದು ಮಳೆಗೆ ಕೊಚ್ಚಿಕೊಂಡು ಹೋಗಲ್ಲ. ಅದರಲ್ಲಿರುವ ಕರಂಜಿನ್ ಅನ್ನುವ ಕಹಿ ಪದಾರ್ಥ ಸಾರಜನಕ ಬೇಗ ಹಾಳಾಗದ ಹಾಗೆ ತಡೆಯುತ್ತೆ, ಬೇರಿನ ಹುಳಕ್ಕೂ ಆಗಿಬರಲ್ಲ. ದನಕ್ಕೆ ಮಾತ್ರ ಹಾಕಬೇಡಿ, ಗೊಬ್ಬರಕ್ಕೇ ಇರಲಿ.

ಸೊಪ್ಪೋ ಬೀಜವೋ?

ಇದನ್ನ ಯಾವ ಕರಪತ್ರದಲ್ಲೂ ಬರೆಯಲ್ಲ. ಹೊಂಗೆ ಫೆಬ್ರವರಿ–ಮಾರ್ಚಿಗೆ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಚಿಗುರುತ್ತೆ, ಏಪ್ರಿಲ್–ಮೇ ತಿಂಗಳಲ್ಲಿ ಹೂವು. ಆ ಹೂವಿನ ಕಾಯಿ ಬಲಿಯೋಕೆ ಹತ್ತು–ಹನ್ನೊಂದು ತಿಂಗಳು ಬೇಕು, ಅಂದರೆ ಮುಂದಿನ ಬೇಸಿಗೆಗೆ ಕೊಯ್ಲು. ನಾವು ಸೊಪ್ಪು ಕಡಿಯೋದು ಯಾವಾಗ? ಮುಂಗಾರು ಬಿದ್ದ ಮೇಲೆ, ಜೂನ್–ಜುಲೈನಲ್ಲಿ, ಗದ್ದೆಗೆ, ತೋಟಕ್ಕೆ, ತಿಪ್ಪೆಗೆ. ಆಗ ಕೊಂಬೆ ಮೇಲೆ ಎಳೆ ಕಾಯಿ ಇರುತ್ತೆ. ಸೊಪ್ಪು ಕಡಿದವನು ಮುಂದಿನ ವರ್ಷದ ಎಣ್ಣೆಯನ್ನೂ ಕಡಿದ. ಸೊಪ್ಪು ಬಿಟ್ಟರೆ ನೆರಳು ಹೆಚ್ಚಿ ಹೊಲದ ಅಂಚಿನ ಸಾಲು ರಾಗಿ ಸೊರಗುತ್ತೆ. ಆದ್ದರಿಂದ ಮರ ಹಂಚಿಕೊಳ್ಳಬೇಕು. ಈ ವರ್ಷ ಐದು ಮರ ಸೊಪ್ಪಿಗೆ, ಐದು ಬೀಜಕ್ಕೆ. ಬರುವ ವರ್ಷ ಅದಲು ಬದಲು. ಹಾಗೆ ಮಾಡಿದರೆ ಮೇಲೆ ಹೇಳಿದ 200 ಕೆ.ಜಿ. ಅರ್ಧಕ್ಕೆ ಇಳಿಯುತ್ತೆ, ಅದನ್ನ ಲೆಕ್ಕದಲ್ಲಿ ಹಿಡಿದೇ ಗಿಡ ನೆಡಬೇಕು.

ನೆರಳಿಗೆ ಇನ್ನೊಂದು ಉಪಾಯ ಇದೆ. ಬೆಳಗಿನ ನೆರಳು ಪಡುವಣಕ್ಕೆ, ಸಂಜೆ ನೆರಳು ಮೂಡಣಕ್ಕೆ ಬೀಳುತ್ತೆ. ಮೂಡಣ–ಪಡುವಣ ಉದ್ದಕ್ಕೆ ಹೋಗುವ ಬದುವಿನಲ್ಲಿ ಮರ ಹಾಕಿದರೆ ನೆರಳು ಬಹುಪಾಲು ಬದುವಿನ ಮೇಲೇ ಬೀಳುತ್ತೆ. ತೆಂಕಣ–ಬಡಗಣ ಬದುವಿನಲ್ಲಿ ಹಾಕಿದರೆ ಬೆಳಿಗ್ಗೆ ನಿಮ್ಮ ಹೊಲಕ್ಕೆ, ಸಂಜೆ ಪಕ್ಕದವನ ಹೊಲಕ್ಕೆ, ಆಮೇಲೆ ಜಗಳ. ಮರದಿಂದ ಮರಕ್ಕೆ ಎಂಟು ಮೀಟರ್ ಬಿಡಿ. ಬುಡದಿಂದ ಆಳೆತ್ತರಕ್ಕೆ ರೆಂಬೆ ಸವರಿ ಕಾಂಡ ಎತ್ತರ ಮಾಡಿ. ಹೊಂಗೆ ಬೇರಿನಲ್ಲಿ ಕಡಲೆ ಗಿಡದ ಹಾಗೆ ಗಂಟು ಇರುತ್ತೆ, ಗಾಳಿಯ ಸಾರಜನಕ ಹಿಡಿಯುತ್ತೆ. ಬೇಸಿಗೆ ಹೂವಿಗೆ ಜೇನು ಬಹಳ ಬರುತ್ತೆ. ಇವು ಡಬ್ಬಿಯಲ್ಲಿ ಅಳೆಯೋಕೆ ಸಿಗದ ಲಾಭ.

ಇಂಜಿನ್ನಿಗೆ ಹಾಕೋದು

ಗಾಣದ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ಹಾಗೇ ಸುರಿದರೆ ನಾಝಲ್ ಕಟ್ಟುತ್ತೆ, ಒಳಗೆ ಮಸಿ ಗಟ್ಟಿಯಾಗಿ ಕೂರುತ್ತೆ. ಹಳೇ ಕಾಲದ ನಿಧಾನ ತಿರುಗುವ ಪಂಪ್‌ಸೆಟ್ ತಡೆದುಕೊಳ್ಳುತ್ತೆ, ಅದಕ್ಕೂ ಡೀಸೆಲ್ಲಿನಲ್ಲೇ ಶುರು ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ಲಿಗೆ ತರಬೇಕು. ಹೊಸ ಟ್ರ್ಯಾಕ್ಟರಿಗೆ ಹಾಕಲೇಬೇಡಿ.

ಬಯೋಡೀಸೆಲ್ ಮಾಡೋದು ಅಂದರೆ ಈ ಮಂದ ತೆಗೆಯೋದು. ಒಂದು ಲೀಟರ್ ಎಣ್ಣೆಗೆ 200 ಮಿ.ಲೀ. ಮಿಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಸುತ್ತ ಬಿಸಿ ಇಟ್ಟು ಕಲಕಿದರೆ ಗ್ಲಿಸರಿನ್ ಕೆಳಗೆ ಇಳಿಯುತ್ತೆ, ಮೇಲಿನದು ಬಯೋಡೀಸೆಲ್. ಎಣ್ಣೆ ಹಳತಾಗಿ ಹುಳಿಯಾಗಿದ್ದರೆ ಸೋಪಾಗಿ ಕೆಡುತ್ತೆ. ಮಿಥನಾಲ್ ಕುಡಿದರೆ ಕಣ್ಣು ಹೋಗುತ್ತೆ, ಪ್ರಾಣವೂ ಹೋಗುತ್ತೆ. ಅದರ ಹೊಗೆಯೂ ಕೆಟ್ಟದ್ದು, ಬೆಂಕಿ ಬೇಗ ಹತ್ತುತ್ತೆ. ಮನೆ ಅಡಿಗೆ ಒಲೆಯ ಮೇಲೆ ಮಾಡುವ ಕೆಲಸ ಇದಲ್ಲ. ಖರ್ಚೂ ಏರುತ್ತೆ, ಮೇಲಿನ 80 ರೂಪಾಯಿ ಸಲೀಸಾಗಿ 90 ದಾಟುತ್ತೆ. ದೇಶದಲ್ಲಿ ಡೀಸೆಲ್ಲಿಗೆ ಬಯೋಡೀಸೆಲ್ ಬೆರೆಸೋದು 2017ಕ್ಕೆ ನೂರಕ್ಕೆ 20 ಆಗಬೇಕು ಅಂತ 2009ರ ನೀತಿಯಲ್ಲಿ ಬರೆದಿದ್ದರು. 2018ರ ನೀತಿಯಲ್ಲಿ ಅದನ್ನ 2030ಕ್ಕೆ 5 ಅಂತ ಇಳಿಸಿದರು. 2024ರವರೆಗೂ ಅದು ನೂರಕ್ಕೆ ಒಂದನ್ನೂ ಮುಟ್ಟಿಲ್ಲ. ಕಾರಣ ಈ ಲೆಕ್ಕದಲ್ಲೇ ಇದೆ.

ಮೆಕ್ಕೆಜೋಳದ ವಿಚಾರ

ಪೆಟ್ರೋಲಿಗೆ ಎಥನಾಲ್ ಬೆರೆಸೋದು ಮಾತ್ರ ನಡೆದಿದೆ, 2025ಕ್ಕೆ ನೂರಕ್ಕೆ 20ರ ಮಟ್ಟ ಮುಟ್ಟಿತು. ಕಬ್ಬಿನ ಎಥನಾಲ್ ಒಂದು ಲೀಟರಿಗೆ ಸುಮಾರು 2860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಅದಕ್ಕೇ ಮೆಕ್ಕೆಜೋಳದ ಕಡೆ ತಿರುಗಿದರು. ಒಂದು ಟನ್ ಜೋಳಕ್ಕೆ 380 ಲೀಟರ್, ಕ್ವಿಂಟಾಲಿಗೆ 38. 2023–24ರಲ್ಲಿ ಜೋಳದ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟರು, ಕ್ವಿಂಟಾಲ್ ಜೋಳದಿಂದ 2700 ರೂಪಾಯಿ ಮೇಲಾಯಿತು. ಹಿಂದೆ ಉಳಿಯುವ ಚರಟ ಮೇವಿಗೆ ಬೇರೆ ಮಾರಾಟ. 2024ರಲ್ಲಿ ಜೋಳ ಸಾಲದೆ ಹೊರದೇಶದಿಂದ ತರಿಸಿದರು, ಕೋಳಿ ಸಾಕುವವರು ಮೇವಿನ ಬೆಲೆಗೆ ಬೊಬ್ಬೆ ಹೊಡೆದರು. ಜೋಳ ಬೆಳೆದವನಿಗೆ ಆ ವರ್ಷ ಖುಷಿ. ಅದನ್ನ ನಂಬಿ ಮುಂದಿನ ವರ್ಷ ರಾಗಿ, ಶೇಂಗಾ, ತೊಗರಿ ಹೊಲಕ್ಕೂ ಜೋಳ ಬಿತ್ತಿದರು. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2400 ಇದ್ದಾಗ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿತ್ತು, ಹಾವೇರಿ ಕಡೆ ರೈತರು ಬೀದಿಗೆ ಇಳಿದರು. ಎಥನಾಲ್ ಕಾರ್ಖಾನೆ ಇದ್ದ ಮಾತ್ರಕ್ಕೆ ಬೆಲೆ ನಿಲ್ಲಲ್ಲ. ಅದು ಎಷ್ಟು ಕೊಳ್ಳಬೇಕು ಅಂತ ತೀರ್ಮಾನ ಆಗೋದು ದೆಹಲಿಯಲ್ಲಿ ಎಣ್ಣೆ ಕಂಪನಿಗಳು ಹಂಚುವ ಪಾಲಿನ ಮೇಲೆ. ಜೋಳ ಒಂದೇ ಹಾಕಿದ ಹೊಲದಲ್ಲಿ ದನಕ್ಕೆ ರಾಗಿ ಹುಲ್ಲೂ ಇಲ್ಲ, ಮನೆಗೆ ಬೇಳೆಯೂ ಇಲ್ಲ.

ನಿಮ್ಮಲ್ಲೇ ಹೊಂಗೆ ಮರ ಇದ್ದರೆ ಈ ಬೇಸಿಗೆ ಒಂದು ಕೆಲಸ ಮಾಡಿ. ಒಂದೇ ಮರದ ಕೆಳಗೆ ಗುಡಿಸಿ, ಕಾಯಿ ಬಡಿದು, ಒಣಗಿಸಿ, ಸಿಪ್ಪೆ ಬಿಡಿಸಿ ಬೀಜ ತೂಗಿ. ಬಡಿಯೋಕೆ, ಬಿಡಿಸೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ದಿನದ ಕೂಲಿಯನ್ನ ಒಂದಾಳು ದಿನಕ್ಕೆ ಬಿಡಿಸುವ ಬೀಜದಿಂದ ಭಾಗಿಸಿದರೆ ಕೆ.ಜಿ.ಗೆ ಬೀಳುವ ಖರ್ಚು ಸಿಗುತ್ತೆ. ಅದು ಪೇಟೆಯ ದರಕ್ಕಿಂತ ಹೆಚ್ಚಿದ್ದರೆ ಕೂಲಿ ಇಟ್ಟು ಮಾಡಬೇಡಿ, ಮನೆಯವರು ಬಿಡುವಿನಲ್ಲಿ ಮಾಡುವ ಕೆಲಸವಾಗೇ ಇರಲಿ. ಗಾಣಕ್ಕೆ ಹೋದಾಗ ಕೂಲಿ ಬದಲು ಹಿಂಡಿ ಬಿಟ್ಟು ಬನ್ನಿ ಅಂದರೆ ಒಪ್ಪಬೇಡಿ. ಹೊಂಗೆ ಎಣ್ಣೆಯಲ್ಲಿ ಪಂಪ್‌ಸೆಟ್ ಓಡಿಸಿದವರು ಯಾವ ಇಂಜಿನ್, ಎಷ್ಟು ಗಂಟೆಗೆ ಫಿಲ್ಟರ್ ಬದಲಿಸಿದಿರಿ ಅಂತ ಪತ್ರಿಕೆಗೆ ಬರೆದರೆ ಉಳಿದವರಿಗೂ ತಿಳಿಯುತ್ತೆ.